ಪಿಸ್ತೂಲಿಗೆ ಎಷ್ಟು, ಗುಂಡಿಗೆ ಎಷ್ಟು?

ಪ್ರಶ್ನೆ: ನಾನು ಹಾಸನದವನು. ಹದಿನಾಲ್ಕು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಕಳೆದ ವರ್ಷ ನನಗೂ ಹೆಂಡತಿಗೂ ಗ್ರೀನ್ ಕಾರ್ಡ್ ಬಂತು. ಕಾಲೇಜಿನ ಎನ್‌ಸಿಸಿಯಲ್ಲಿ .22 (ಸುಮಾರು 0.22 ಇಂಚು ಅಗಲದ ಸಣ್ಣ ಗುಂಡಿನ) ರೈಫಲ್ ಹಿಡಿದು ಗುರಿ ಹೊಡೆದದ್ದನ್ನು ಇನ್ನೂ ಮರೆತಿಲ್ಲ. ಈಗ ಇಬ್ಬರೂ ತಿಂಗಳಿಗೆ ಎರಡು ಸಲ ಶೂಟಿಂಗ್ ರೇಂಜ್‌ಗೆ ಹೋಗಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡೋಣ ಅಂದುಕೊಂಡಿದ್ದೇವೆ. ಆತ್ಮರಕ್ಷಣೆಗಲ್ಲ, ಬರೀ ಹವ್ಯಾಸಕ್ಕೆ. ಎಲ್ಲ ಸೇರಿ 600 ಡಾಲರ್ ಒಳಗೆ ಆಗಬೇಕು. ಗೆಳೆಯರು ‘.22 ಮಕ್ಕಳ ಆಟಿಕೆ, 9 ಎಂ.ಎಂ. ತಗೋ’ ಅನ್ನುತ್ತಾರೆ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ಏನು ಕೊಳ್ಳಲಿ?

ಉತ್ತರ: .22 ಕೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ಒಂದು ಸಲ ರೇಂಜ್‌ಗೆ ಹೋದರೆ ಒಬ್ಬರು ಸುಮಾರು ನೂರು ಗುಂಡು ಹೊಡೆಯುತ್ತಾರೆ. ತಿಂಗಳಿಗೆ ಎರಡು ಸಲ, ಇಬ್ಬರು ಅಂದರೆ ವರ್ಷಕ್ಕೆ 4,800 ಗುಂಡು. .22 ಗುಂಡು ಒಂದಕ್ಕೆ 8 ಸೆಂಟ್ ಅಂತ ಹಿಡಿದರೆ 384 ಡಾಲರ್. 9 ಎಂ.ಎಂ. ಗುಂಡಿಗೆ 25 ಸೆಂಟ್ ಅಂತ ಹಿಡಿದರೆ 1,200 ಡಾಲರ್. ದರ ಏರುತ್ತೆ, ಇಳಿಯುತ್ತೆ. ಆದರೆ ಎರಡರ ನಡುವಿನ ಅಂತರ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಮೊದಲ ವರ್ಷದಲ್ಲೇ 816 ಡಾಲರ್ ವ್ಯತ್ಯಾಸ! ಆ ದುಡ್ಡಿಗೆ ಇನ್ನೆರಡು ಪಿಸ್ತೂಲು ಬರುತ್ತವೆ. ಅಂಗಡಿಗೆ ಹೋದವರೆಲ್ಲ ಪಿಸ್ತೂಲಿನ ಬೆಲೆ ಕೇಳುತ್ತಾರೆ, ಗುಂಡಿನ ಬೆಲೆ ಕೇಳುವವರು ಕಡಿಮೆ. ಗುಂಡು ದುಬಾರಿ ಆದರೆ ಮೂರು ತಿಂಗಳಿಗೆ ಅಭ್ಯಾಸ ನಿಲ್ಲುತ್ತದೆ. ಪಿಸ್ತೂಲು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇದನ್ನು ನಾನು ತುಂಬಾ ಜನರಲ್ಲಿ ನೋಡಿದ್ದೇನೆ.

ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. 9 ಎಂ.ಎಂ. ಹೊಡೆದಾಗ ಕೈ ಮೇಲಕ್ಕೆ ಜಿಗಿಯುತ್ತದೆ, ಸದ್ದು ಎದೆಗೆ ಬಡಿಯುತ್ತದೆ. ನಾಲ್ಕಾರು ಗುಂಡು ಆದಮೇಲೆ ಮೈಗೆ ಅದು ಗೊತ್ತಾಗುತ್ತದೆ. ಆಮೇಲೆ ಟ್ರಿಗರ್ ಎಳೆಯುವ ಮೊದಲೇ ಕೈ ಬೆಚ್ಚುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಗುಂಡು ಗುರಿಯ ಕೆಳಗೆ ಹೋಗಿ ಬೀಳುತ್ತದೆ. ಈ ಬೆಚ್ಚುವ ಚಾಳಿ ಒಮ್ಮೆ ಅಂಟಿಕೊಂಡರೆ ಬಿಡಿಸೋದು ಬಹಳ ಕಷ್ಟ. .22ರಲ್ಲಿ ಮೈ ಹೆದರುವುದಿಲ್ಲ. ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿರುವ ಗುರಿಗುರುತು) ಮೇಲೆ ಕಣ್ಣಿಟ್ಟು, ಟ್ರಿಗರನ್ನು ಮೆಲ್ಲಗೆ ನೇರ ಹಿಂದಕ್ಕೆ ಎಳೆಯುವುದನ್ನು ಸಮಾಧಾನವಾಗಿ ಕಲಿಯಬಹುದು. ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲು ಸ್ಪರ್ಧೆ ನಡೆಯುವುದೂ .22ರಲ್ಲೇ. 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಗುಂಡಿನಲ್ಲಿ. ಇದು ಆಟಿಕೆ ಅನ್ನುವ ಗೆಳೆಯರಿಗೆ ಈ ಮಾತು ಹೇಳಿ.

ಹಾಗಂತ .22ಕ್ಕೆ ಕೊರತೆ ಇಲ್ಲ ಅಂತಲ್ಲ. 1887ರಿಂದ ಬಂದಿರುವ ಈ ಗುಂಡಿನಲ್ಲಿ ಕಿಡಿ ಹೊತ್ತುವ ಮದ್ದು ಹಿಂಬದಿಯ ಅಂಚಿನ ಒಳಗೆ ಸುತ್ತಲೂ ಇರುತ್ತದೆ. ಎಲ್ಲೋ ಒಂದು ಕಡೆ ಆ ಮದ್ದು ಸರಿಯಾಗಿ ಹರಡದಿದ್ದರೆ ಗುಂಡು ಹಾರುವುದಿಲ್ಲ. ಅಗ್ಗದ ಡಬ್ಬಿಗಳಲ್ಲಿ ಇದು ಜಾಸ್ತಿ. ‘ಟಕ್’ ಅಂದು ಸುಮ್ಮನಾದರೆ ಗಾಬರಿಯಾಗಿ ತಕ್ಷಣ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಕಿಡಿ ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಆಮೇಲೆ ಗುಂಡನ್ನು ಹೊರಗೆ ತೆಗೆಯಿರಿ. ಇನ್ನೊಂದು ವಿಷಯ, .22 ಗುಂಡು ಕೊಳಕು ಜಾಸ್ತಿ ಮಾಡುತ್ತದೆ. ಮೇಣ, ಮಸಿ ಎಲ್ಲ ಕಟ್ಟಿಕೊಳ್ಳುತ್ತದೆ. ಅದಕ್ಕೇ ಪಿಸ್ತೂಲು ಬಿಚ್ಚಿ ಒರೆಸೋದು ಸುಲಭವೇ ಅಂತ ಕೊಳ್ಳುವಾಗಲೇ ನೋಡಬೇಕು.

ಈಗ ಯಾವುದು ಅನ್ನುವ ಮಾತಿಗೆ ಬರೋಣ. ನಿಮ್ಮ ಬಜೆಟ್‌ನಲ್ಲಿ ನಾನು ಗಂಭೀರವಾಗಿ ನೋಡುವುದು ಮೂರು: ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್ ವಿಕ್ಟರಿ. ಸಾದಾ ಮಾದರಿ ಹುಡುಕಿದರೆ ಮೂರೂ ಸುಮಾರು 400 ಡಾಲರ್ ಆಸುಪಾಸಿನಲ್ಲಿ ಸಿಗುತ್ತವೆ. ರೂಗರ್ ಕಂಪನಿ ಶುರುವಾದದ್ದೇ .22 ಪಿಸ್ತೂಲಿನಿಂದ. 1949ರಲ್ಲಿ ಅದರ ಮೊದಲ ಪಿಸ್ತೂಲಿನ ಬೆಲೆ 37.50 ಡಾಲರ್ ಇತ್ತು. ಮಾರ್ಕ್ 4 ಅದೇ ವಂಶದ್ದು. ಹಳೆಯ ಮಾದರಿಗಳನ್ನು ಬಿಚ್ಚಿ ಮತ್ತೆ ಜೋಡಿಸುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಹಿಂದಿನ ಒಂದು ಗುಂಡಿ ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಇದೊಂದೇ ಕಾರಣಕ್ಕೆ ಹೊಸಬರಿಗೆ ನಾನು ಇದನ್ನು ಮೊದಲು ತೋರಿಸುತ್ತೇನೆ. ಬಕ್ ಮಾರ್ಕ್‌ನ ಟ್ರಿಗರ್ ಪೆಟ್ಟಿಗೆಯಿಂದ ತೆಗೆದ ದಿನವೇ ಹಗುರ, ಚೊಕ್ಕ. ಆದರೆ ಅದನ್ನು ಬಿಚ್ಚಲು ಅಲೆನ್ ಕೀ ಬೇಕು. ವಿಕ್ಟರಿಗೂ ಅಷ್ಟೇ, ಆದರೆ ಒಂದೇ ಸ್ಕ್ರೂ. ಮುಂದೆ ಬೇಕಾದರೆ ನಳಿಗೆಯನ್ನೂ ಬದಲಾಯಿಸಬಹುದು.

ಇವು ಕೈಗೆ ಭಾರ ಅನ್ನಿಸಬಹುದು. ದಪ್ಪ ನಳಿಗೆಯ ಮಾರ್ಕ್ 4 ಟಾರ್ಗೆಟ್ ಹೆಚ್ಚುಕಮ್ಮಿ ಒಂದು ಕೆ.ಜಿ. ಇದೆ. ಗುರಿ ಅಭ್ಯಾಸಕ್ಕೆ ಆ ಭಾರ ಒಳ್ಳೆಯದೇ, ಕೈ ನಡುಗುವುದು ಕಡಿಮೆ. ನಿಮ್ಮ ಹೆಂಡತಿಗೆ ಅದು ಕಷ್ಟ ಆದರೆ ಟಾರಸ್ ಟಿಎಕ್ಸ್ 22 ನೋಡಿ. ಪಾಲಿಮರ್ ಮೈ, ಅದರ ಅರ್ಧದಷ್ಟೇ ತೂಕ, 16 ಗುಂಡು ಹಿಡಿಸುತ್ತದೆ, ಸುಮಾರು 300 ಡಾಲರ್. ಇನ್ನೂ ಅಗ್ಗ ಬೇಕು ಅಂದರೆ ರೂಗರ್ ರ‍್ಯಾಂಗ್ಲರ್, ಹೆರಿಟೇಜ್ ರಫ್ ರೈಡರ್ ಅನ್ನುವ ಹಳೇ ಕೌಬಾಯ್ ಮಾದರಿಯ ರಿವಾಲ್ವರ್‌ಗಳಿವೆ. 200 ಡಾಲರ್ ಹತ್ತಿರ ಅಥವಾ ಅದಕ್ಕೂ ಕಡಿಮೆ. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ (ಗುಂಡಿಗೆ ಬಡಿಯುವ ಹಿಂಬದಿಯ ಕೊಕ್ಕೆ) ಎಳೆಯಬೇಕು, ಗುಂಡು ಒಂದೊಂದಾಗಿ ತುಂಬಬೇಕು. ನಿಧಾನವಾಗಿ ಕಲಿಯಲು ಇದು ಒಳ್ಳೆಯದು. ಆದರೆ ಇವುಗಳ ಸಾದಾ ಮಾದರಿಯಲ್ಲಿ ಸೈಟ್ ಹೊಂದಿಸಲು ಬರುವುದಿಲ್ಲ. ಗುಂಡು ಎಡಕ್ಕೆ ಬೀಳುತ್ತಿದ್ದರೆ ನೀವೇ ಬಲಕ್ಕೆ ಗುರಿ ಇಡಬೇಕು. ಕಾಗದದ ಮೇಲೆ ಅಂಕ ಎಣಿಸುವ ಆಸೆ ಇದ್ದವರಿಗೆ ಇದು ಬೇಗ ಬೇಸರ ತರಿಸುತ್ತದೆ. ನಿಮಗೆ ಆ ಆಸೆ ಇದೆ ಅಂತ ಪತ್ರ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ಹಿಂದಿನ ಸೈಟ್ ಹೊಂದಿಸಬಹುದಾದ ಪಿಸ್ತೂಲನ್ನೇ ಕೊಳ್ಳಿ.

ಯಾವುದನ್ನೂ ಹಿಡಿದು ನೋಡದೆ ಕೊಳ್ಳಬೇಡಿ. ತುಂಬಾ ರೇಂಜ್‌ಗಳಲ್ಲಿ .22 ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಇಬ್ಬರೂ ಹೋಗಿ ಎರಡು ಮೂರು ಮಾದರಿಯಲ್ಲಿ ಐವತ್ತೈವತ್ತು ಗುಂಡು ಹೊಡೆಯಿರಿ. ಹಿಡಿತ ಬದಲಿಸದೆ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಒಬ್ಬರಿಗೆ ಕೂತು ಇನ್ನೊಬ್ಬರಿಗೆ ಕೂರದಿದ್ದರೆ ಚಿಕ್ಕ ಕೈಯವರಿಗೆ ಹೊಂದುವುದನ್ನೇ ಆರಿಸಿ. ದೊಡ್ಡ ಕೈ ಸಣ್ಣ ಹಿಡಿಗೆ ಒಗ್ಗಿಕೊಳ್ಳುತ್ತದೆ. ಸಣ್ಣ ಕೈಗೆ ದೊಡ್ಡ ಹಿಡಿ ಯಾವತ್ತೂ ಒಗ್ಗುವುದಿಲ್ಲ.

ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೇಳಲು ಸಂಕೋಚ ಬೇಡ. .22ರಲ್ಲಿ ಒತ್ತಡ ಕಡಿಮೆ, ನಳಿಗೆ ಸುಲಭಕ್ಕೆ ಸವೆಯುವುದಿಲ್ಲ. ಆದರೆ ಹಳೆಯ ಮಾರ್ಕ್ 4 ಆದರೆ ಒಂದು ಎಚ್ಚರ ಬೇಕು. 2017ರ ಜೂನ್ 1ಕ್ಕೆ ಮೊದಲು ತಯಾರಾದವನ್ನು ಸೇಫ್ಟಿಯ (ಗುಂಡು ಹಾರದಂತೆ ತಡೆಯುವ ಗುಂಡಿಯ) ದೋಷಕ್ಕಾಗಿ ಕಂಪನಿಯೇ ವಾಪಸ್ ಕರೆದಿತ್ತು. ಸೇಫ್ಟಿ ಪೂರ್ತಿ ಒಂದು ಕಡೆಗೆ ಕೂರದೆ ನಡುವೆ ನಿಂತಿದ್ದಾಗ ಟ್ರಿಗರ್ ಎಳೆದರೆ, ಆಮೇಲೆ ಸೇಫ್ಟಿಯನ್ನು ‘ಫೈರ್’ ಕಡೆಗೆ ಸರಿಸಿದಾಗ ಗುಂಡು ಹಾರುವ ಅಪಾಯ ಇತ್ತು. ಸರಿಪಡಿಸಿದ್ದಾರಾ ಅಂತ ಸೀರಿಯಲ್ ನಂಬರ್ ಕೊಟ್ಟು ಕಂಪನಿಯಲ್ಲೇ ವಿಚಾರಿಸಿ.

ನಿಮ್ಮ 600 ಡಾಲರ್ ಹೀಗೆ ಹಂಚಿ. ಪಿಸ್ತೂಲು 400, ಟೆಕ್ಸಾಸ್‌ನ 8.25 ಶೇಕಡಾ ತೆರಿಗೆ ಸೇರಿ 433. ಕಿವಿಗೆ ಎರಡು ಇಯರ್‌ಮಫ್ 50, ಕಣ್ಣಿಗೆ ಎರಡು ಕನ್ನಡಕ 20, ಬೀಗದ ಪೆಟ್ಟಿಗೆ 40, ಐನೂರು ಗುಂಡು 40. ಒಟ್ಟು 583. ಕಿವಿಯ ಖರ್ಚನ್ನು ಮಾತ್ರ ಉಳಿಸಬೇಡಿ. .22ರ ಸದ್ದು ಚಿಕ್ಕದು ಅನ್ನಿಸಿದರೂ ಕಿವಿಗೆ ಹಾನಿ ಮಾಡುವಷ್ಟು ಇರುತ್ತದೆ. ಒಳಾಂಗಣ ರೇಂಜ್‌ನಲ್ಲಿ ಮಫ್ ಒಳಗೆ ಫೋಮ್ ಪ್ಲಗ್ ಕೂಡ ಹಾಕಿ.

ಮಗಳ ವಿಷಯಕ್ಕೆ ಬರುತ್ತೇನೆ. ಬೀರುವಿನ ಮೇಲೆ, ಬಟ್ಟೆಯ ಅಡಿಯಲ್ಲಿ ಅನ್ನುವುದೆಲ್ಲ ಬೇಡವೇ ಬೇಡ. ಆರು ವರ್ಷದ ಮಗುವಿಗೆ ಕುರ್ಚಿ ಎಳೆದುಕೊಂಡು ಹತ್ತಲು ಬರುತ್ತದೆ. ಪಿಸ್ತೂಲು ಖಾಲಿ ಮಾಡಿ ಬೀಗದ ಪೆಟ್ಟಿಗೆಯಲ್ಲಿ, ಗುಂಡು ಬೇರೆ ಬೀಗದಲ್ಲಿ, ಕೀಲಿ ನಿಮ್ಮಿಬ್ಬರ ಹತ್ತಿರ. ಟೆಕ್ಸಾಸ್ ಕಾನೂನಿನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಡುವುದು ಅಪರಾಧ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅದು ಸೀಸ. ಗುಂಡಿನಲ್ಲೂ ಕಿಡಿಮದ್ದಿನಲ್ಲೂ ಸೀಸ ಇರುತ್ತದೆ. ಅದರ ದೂಳು ಕೈಗೆ, ಬಟ್ಟೆಗೆ ಅಂಟಿಕೊಂಡು ಮನೆಗೆ ಬರುತ್ತದೆ. ರೇಂಜ್‌ನಲ್ಲಿ ಏನೂ ತಿನ್ನಬೇಡಿ. ಹೊರಡುವ ಮುಂಚೆ ತಣ್ಣೀರು, ಸೋಪಿನಿಂದ ಕೈ ಮುಖ ತೊಳೆಯಿರಿ. ಮನೆಗೆ ಬಂದು ಬಟ್ಟೆ, ಶೂ ಬದಲಿಸಿ, ಆಮೇಲೆ ಮಗಳನ್ನು ಎತ್ತಿಕೊಳ್ಳಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಸ್ವಂತಕ್ಕೆ ಕೊಳ್ಳುವುದಿಲ್ಲ. ಗ್ರೀನ್ ಕಾರ್ಡ್ ಇರುವ ಗೆಳೆಯನ ಪಿಸ್ತೂಲಿನಲ್ಲಿ ರೇಂಜ್‌ನಲ್ಲಿ ಸುಮ್ನೆ ನಾಲ್ಕು ಗುಂಡು ಹೊಡೆದರೆ ತೊಂದರೆ ಇದೆಯಾ?

ಉತ್ತರ: ಇದೆ. ದೊಡ್ಡ ತೊಂದರೆಯೇ ಇದೆ.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ, ಅವರ ಸಂಗಾತಿ-ಮಕ್ಕಳ ಎಚ್-4, ವಿದ್ಯಾರ್ಥಿಗಳ ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೊಂಡರೆ ಮಾತ್ರ ತಪ್ಪು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡಂತೆಯೇ. ಕೌಂಟರ್‌ನಲ್ಲಿ ಯಾರೂ ವೀಸಾ ಕೇಳದೇ ಇರಬಹುದು. ಕೇಳಲಿಲ್ಲ ಅಂದಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಫೋಟೊ ಹಾಕಿದ್ದೇ ಮುಂದೆ ಸಾಕ್ಷಿ ಆಗಬಹುದು. ಕಾನೂನುಬದ್ಧ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ. ಹತ್ತು ವರ್ಷ ಕಾದು ನಿಂತಿರುವ ಗ್ರೀನ್ ಕಾರ್ಡ್ ಸಾಲನ್ನು ಒಂದು ಭಾನುವಾರದ ಮಧ್ಯಾಹ್ನಕ್ಕೆ ಕಳೆದುಕೊಳ್ಳಬಾರದು.

ಗೆಳೆಯನಿಗೂ ಒಂದು ಮಾತು ತಿಳಿಸಿ. ನಿಮ್ಮ ದುಡ್ಡಿನಲ್ಲಿ ನಿಮಗಾಗಿ ಆತ ತನ್ನ ಹೆಸರಲ್ಲಿ ಕೊಂಡರೆ ಆತನೂ ಕೇಂದ್ರ ಅಪರಾಧದಲ್ಲಿ ಸಿಕ್ಕಿಬೀಳುತ್ತಾನೆ.

ಗುರಿಯ ಆಸೆ ತೀರಿಸಲು ಏರ್ ಪಿಸ್ತೂಲು ಇದೆ. ಗಾಳಿಯ ಒತ್ತಡದಿಂದ ಹಾರಿಸುವುದನ್ನು ಕೇಂದ್ರ ಕಾನೂನು ಬಂದೂಕು ಅಂತ ಎಣಿಸುವುದಿಲ್ಲ. ಬೇರೆ ಹಲವು ರಾಜ್ಯಗಳಲ್ಲಿ ಅದನ್ನು ಸುಲಭವಾಗಿ ಕೊಳ್ಳಬಹುದು. ಆದರೆ ನೀವಿರುವ ನ್ಯೂಜೆರ್ಸಿಯಲ್ಲಿ ಏರ್ ಪಿಸ್ತೂಲನ್ನೂ ಬಂದೂಕಿನ ಲೆಕ್ಕಕ್ಕೇ ಸೇರಿಸಿದ್ದಾರೆ, ಪರ್ಮಿಟ್ ಬೇಕು. ಆದ್ದರಿಂದ ಅಲ್ಲಿ ಕೈ ಹಾಕುವ ಮುಂಚೆ ವಕೀಲರ ಹತ್ತಿರ ಒಂದು ಸಲ ಮಾತಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ, ವಯಸ್ಸು 29. ಪ್ಯಾರಿಸ್ ಒಲಿಂಪಿಕ್ಸ್ ನೋಡಿದಾಗಿನಿಂದ ಶೂಟಿಂಗ್ ಹುಚ್ಚು ಹಿಡಿದಿದೆ. .22 ಪಿಸ್ತೂಲಿಗೆ ಲೈಸೆನ್ಸ್ ಹಾಕಲಾ, ಏರ್ ಪಿಸ್ತೂಲು ಸಾಕಾ?

ಉತ್ತರ: ಏರ್ ಪಿಸ್ತೂಲಿನಿಂದಲೇ ಶುರು ಮಾಡಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದದ್ದೂ ಇದರಲ್ಲೇ. ನಮ್ಮ ದೇಶದಲ್ಲಿ .22 ಪಿಸ್ತೂಲಿಗೆ ಶಸ್ತ್ರ ಲೈಸೆನ್ಸ್ ಬೇಕು. ಬರೀ ಹವ್ಯಾಸ ಅಂತ ಅರ್ಜಿ ಹಾಕಿದರೆ ಅದು ಉದ್ದದ ದಾರಿ. .177 ಇಂಚು ಅಳತೆಯ, 20 ಜೂಲ್ ಶಕ್ತಿಯ ಒಳಗಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಸುಮಾರು 6 ಜೂಲ್ ಅಷ್ಟೇ.

ಸುಲಭ ಅಂತ ಮಾತ್ರ ತಿಳಿಯಬೇಡಿ. ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ, ಅಂದರೆ ಅಂಗಿಯ ಗುಂಡಿಯಷ್ಟು. ಹತ್ತು ಮೀಟರ್ ದೂರದಿಂದ, ಒಂದೇ ಕೈಯಲ್ಲಿ, ಅರವತ್ತು ಸಲ.

ಪಿಸ್ತೂಲನ್ನು ಈಗಲೇ ಕೊಳ್ಳಬೇಡಿ. ಮಾರುಕಟ್ಟೆಯ ಅಗ್ಗದ ಸ್ಪ್ರಿಂಗ್ ಪಿಸ್ತೂಲುಗಳಲ್ಲಿ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ನಳಿಗೆ ಬಿಡುವ ಮೊದಲೇ ಸ್ಪ್ರಿಂಗ್ ಕೈಯನ್ನು ಅಲುಗಿಸಿಬಿಡುತ್ತದೆ. ತಪ್ಪು ನಿಮ್ಮದೋ ಪಿಸ್ತೂಲಿನದೋ ಗೊತ್ತೇ ಆಗುವುದಿಲ್ಲ. ಮೊರಿನಿ, ಪಾರ್ಡಿನಿ, ಸ್ಟೈಯರ್‌ನಂಥ ಸ್ಪರ್ಧೆಯ ಪಿಸ್ತೂಲು ಲಕ್ಷ ದಾಟುತ್ತವೆ. ಒಂದು ಒಳ್ಳೆಯ ರೇಂಜ್ ಸೇರಿ, ಮೂರು ತಿಂಗಳು ಅವರ ಪಿಸ್ತೂಲಿನಲ್ಲೇ ಕಲಿಯಿರಿ. ಅಷ್ಟರಲ್ಲಿ ನಿಮ್ಮ ಕೈಗೆ ಸಣ್ಣ ಹಿಡಿ ಬೇಕಾ, ಮಧ್ಯಮ ಬೇಕಾ ಅನ್ನುವುದೂ ತಿಳಿಯುತ್ತದೆ, ಹುಚ್ಚು ಉಳಿದಿದೆಯಾ ಅನ್ನುವುದೂ ತಿಳಿಯುತ್ತದೆ.

ಉಳಿದಿದ್ದರೆ ಸೆಕೆಂಡ್ ಹ್ಯಾಂಡ್ ಹುಡುಕಿ. ಹೊಸ ಮಾದರಿ ಬಂದ ಕೂಡಲೇ ಹಳೆಯದನ್ನು ಮಾರುವ ಶೂಟರ್‌ಗಳು ನಿಮ್ಮ ರೇಂಜ್‌ನಲ್ಲೇ ಇರುತ್ತಾರೆ. ಆದರೆ ಗಾಳಿ ತುಂಬುವ ಸಿಲಿಂಡರ್‌ಗೆ ಅವಧಿ ಇದೆ, ಸಾಮಾನ್ಯವಾಗಿ ಹತ್ತು ವರ್ಷ. ಅದು ಮುಗಿದಿದ್ದರೆ ಸ್ಪರ್ಧೆಗೆ ಬಿಡುವುದಿಲ್ಲ, ತುಂಬುವುದೂ ಅಪಾಯ. ಹೊಸ ಸಿಲಿಂಡರ್ ಅಗ್ಗವಲ್ಲ. ಅದರ ಮೇಲೆ ಕೊರೆದಿರುವ ತಯಾರಿಕೆಯ ತಾರೀಕು ನೋಡಿ, ಆಮೇಲೆ ಬೆಲೆ ಮಾತಾಡಿ.