ಬಾಸ್ಟನ್ನಿನ ಸೂಪರ್ ಬೌಲ್ ಕ್ವಿಜ್‌ಗೆ ಏನು ಓದಿಕೊಂಡು ಹೋಗಬೇಕು?

ಬಾಸ್ಟನ್‌ಗೆ ಬಂದು ಎರಡು ತಿಂಗಳಾಗಿದೆ, ಆಫೀಸಿನಲ್ಲಿ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್) ಕ್ವಿಜ್ ಇದೆ, ಕ್ವಾರ್ಟರ್‌ಬ್ಯಾಕ್‌ಗಳ (ಚೆಂಡು ಎಸೆದು ತಂಡವನ್ನು ಆಡಿಸುವವರ) ಪ್ಲೇಆಫ್ ದಾಖಲೆಗಳನ್ನಾದರೂ ಹೇಳಿಕೊಡಿ ಅಂತ ಕೇಳಿದ್ದೀರಿ. ಆಟದ ನಿಯಮ ನೋಡುತ್ತ ನೋಡುತ್ತ ಬರುತ್ತದೆ. ಇವರು ಲೆಕ್ಕ ಇಡುವ ರೀತಿ ಮೊದಲು ತಿಳಿದುಕೊಳ್ಳಿ, ಹೊಸಬರು ಎಡವುವುದು ಅಲ್ಲೇ.

ರೆಗ್ಯುಲರ್ ಸೀಸನ್‌ಗೆ (ಲೀಗ್ ಹಂತ) ಒಂದು ಖಾತೆ, ಪ್ಲೇಆಫ್‌ಗೆ (ಆಮೇಲಿನ ನಾಕೌಟ್ ಹಂತ) ಇನ್ನೊಂದು. ನಿಮ್ಮೂರಿನ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ಹೆಸರು ಮಾಡಿದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ 89,214 ಪಾಸಿಂಗ್ ಯಾರ್ಡ್‌ಗಳಲ್ಲಿ (ಎಸೆತದಿಂದ ತಂಡ ಮುಂದೆ ಸಾಗಿದ ದೂರ) ಪ್ಲೇಆಫ್‌ನ 13,400 ಸೇರಿಲ್ಲ. ಸೂಪರ್ ಬೌಲ್ ಪ್ಲೇಆಫ್ ಖಾತೆಗೇ ಹೋಗುತ್ತದೆ. ಇದನ್ನು ಮರೆತರೆ ‘ಅತಿ ದೊಡ್ಡ ಹಿನ್ನಡೆಯಿಂದ ಗೆದ್ದವರು ಯಾರು?’ ಎಂಬ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ. ಒಟ್ಟಾರೆ ದಾಖಲೆ 2022ರ ಡಿಸೆಂಬರ್‌ನಲ್ಲಿ 33 ಅಂಕ ಹಿಂದಿದ್ದು ಗೆದ್ದ ಮಿನೆಸೋಟ ವೈಕಿಂಗ್ಸ್‌ನದು, ಆದರೆ ಅದು ರೆಗ್ಯುಲರ್ ಸೀಸನ್. ಪ್ಲೇಆಫ್ ದಾಖಲೆ ಬಫಲೋ ಬಿಲ್ಸ್‌ನದು: 1993ರ ಜನವರಿಯಲ್ಲಿ ಹ್ಯೂಸ್ಟನ್ ಎದುರು 3-35ರಲ್ಲಿದ್ದವರು ಓವರ್‌ಟೈಮ್‌ನಲ್ಲಿ 41-38ಕ್ಕೆ ಗೆದ್ದರು. ಆಡಿಸಿದ್ದು ಕಾಯಂ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಅಲ್ಲ, ಗಾಯಗೊಂಡ ಅವನ ಜಾಗಕ್ಕೆ ಬಂದ ಫ್ರಾಂಕ್ ರೈಕ್. ಸೂಪರ್ ಬೌಲ್‌ನಲ್ಲಿ ಅಂತ ಕೇಳಿದರೆ ಮಾತ್ರ ಉತ್ತರ ಬ್ರೇಡಿ, 3-28ರಿಂದ ಎದ್ದು 34-28. (ಕೆಲ್ಲಿ ಸತತ ನಾಲ್ಕು ಸೂಪರ್ ಬೌಲ್ ಸೋತವನು. ‘ಈ ಸಲ ಕಪ್ ನಮ್ದೇ’ ಅಂತ 18 ಸೀಸನ್ ಕಾದವರಿಗೆ ಬಫಲೋದವರ ಸಂಕಟ ಬಿಡಿಸಿ ಹೇಳಬೇಕಿಲ್ಲ.)

ಇಸವಿಯದು ಇನ್ನೊಂದು ಗೋಜಲು. ಸೀಸನ್ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಫೈನಲ್ ಮರುವರ್ಷ ನಡೆಯುತ್ತದೆ. ಸೂಪರ್ ಬೌಲ್ ಸಂಖ್ಯೆಗೆ 1965 ಕೂಡಿಸಿದರೆ ಸೀಸನ್, 1966 ಕೂಡಿಸಿದರೆ ಆಟ ನಡೆದ ವರ್ಷ. 51ನೆಯದು 2016ರ ಸೀಸನ್ನಿನದು, ಆಡಿದ್ದು 2017ರ ಫೆಬ್ರುವರಿಯಲ್ಲಿ. ಸಂಖ್ಯೆಯನ್ನು ರೋಮನ್ ಅಂಕಿಯಲ್ಲಿ ಬರೆಯುತ್ತಾರೆ; 50ನೆಯದಕ್ಕೆ ಮಾತ್ರ ಮಾಮೂಲಿ ಅಂಕಿ ಬಳಸಿದರು.

ಗೆಲುವು ಬರೆಯುವುದು ಆಟ ಶುರುಮಾಡಿದ ಕ್ವಾರ್ಟರ್‌ಬ್ಯಾಕ್‌ನ ಹೆಸರಿಗೆ. 2002ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಬ್ರೇಡಿ ಕಾಲು ನೋಯಿಸಿಕೊಂಡು ಹೊರಗೆ ಕೂತ, ಬದಲಿಗೆ ಡ್ರೂ ಬ್ಲೆಡ್ಸೋ ಬಂದು ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆಯ ಗೆರೆ ಮುಟ್ಟಿ ಅಂಕ ಸಿಗುವುದು) ಎಸೆದ. ಗೆಲುವು ಮಾತ್ರ ಬ್ರೇಡಿ ಖಾತೆಗೆ. ಅವನ 35 ಪ್ಲೇಆಫ್ ಗೆಲುವುಗಳಲ್ಲಿ ಅದೂ ಒಂದು. ನಂತರದ ಸ್ಥಾನ ಪ್ಯಾಟ್ರಿಕ್ ಮಹೋಮ್ಸ್‌ಗೆ (2024ರ ಸೀಸನ್ ಮುಗಿದಾಗ 17), ಆಮೇಲೆ 16 ಗೆದ್ದ ಜೋ ಮೊಂಟಾನ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೊಕ್ಕವಾದದ್ದು ಮೊಂಟಾನನ ದಾಖಲೆ: ನಾಲ್ಕು ಸೂಪರ್ ಬೌಲ್, ನಾಲ್ಕೂ ಗೆಲುವು, 122 ಪಾಸ್, 11 ಟಚ್‌ಡೌನ್, ಒಂದೂ ಇಂಟರ್ಸೆಪ್ಷನ್ (ಎಸೆತ ಎದುರಾಳಿಯ ಕೈಗೆ ಸಿಗುವುದು) ಇಲ್ಲ. ಒಂದೇ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಎಸೆದವನು ಸ್ಟೀವ್ ಯಂಗ್, 1995ರಲ್ಲಿ. ಒಂದೇ ಕ್ವಾರ್ಟರ್‌ನಲ್ಲಿ (ಆಟದ ಕಾಲು ಭಾಗ) ನಾಲ್ಕು ಎಸೆದವನು ಡಗ್ ವಿಲಿಯಮ್ಸ್, 1988ರಲ್ಲಿ. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನೇ.

ಯಾರ್ಡ್ ಜಾಸ್ತಿ ಅಂದಮಾತ್ರಕ್ಕೆ ಗೆದ್ದ ಅಂತ ಊಹಿಸಬೇಡಿ. ಹಿಂದೆ ಬಿದ್ದ ತಂಡ ಸಮಯ ಉಳಿಸಲು ಎಸೆಯುತ್ತಲೇ ಇರುತ್ತದೆ, ಯಾರ್ಡ್ ತಾನೇ ಬೆಳೆಯುತ್ತದೆ. ಸೂಪರ್ ಬೌಲ್‌ನ ಅತಿ ಹೆಚ್ಚು, 505 ಯಾರ್ಡ್, ಬ್ರೇಡಿ 2018ರಲ್ಲಿ ಎಸೆದದ್ದು; ಆ ಪಂದ್ಯ 33-41ಕ್ಕೆ ಸೋತ. ಗೆದ್ದ ನಿಕ್ ಫೋಲ್ಸ್ ಫಿಲಡೆಲ್ಫಿಯಾದ ಬದಲಿ ಆಟಗಾರ. ಬ್ರೇಡಿಯನ್ನು ಸೂಪರ್ ಬೌಲ್‌ನಲ್ಲಿ ಎರಡು ಸಲ ಸೋಲಿಸಿದವನು ಈಲೈ ಮ್ಯಾನಿಂಗ್. 2008ರಲ್ಲಿ ಸೋಲುವ ಮುಂಚೆ ನಿಮ್ಮೂರಿನ ತಂಡ 18ಕ್ಕೆ 18 ಗೆದ್ದಿತ್ತು. ಮ್ಯಾನಿಂಗ್ ಎಂಬ ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಿ, ಜೋರಾಗಿ ಕೂಗಬೇಡಿ.