ಒಂದೇ ಇಂಟರ್ನೆಟ್ ಇದ್ದರೂ ಒಂದು ಆ್ಯಪ್‌ನಲ್ಲಿ ವಿಡಿಯೊ ಸಲೀಸು, ಇನ್ನೊಂದರಲ್ಲಿ ತಡವರಿಕೆ ಏಕೆ?

ವಿಡಿಯೊ ಎಷ್ಟು ಹತ್ತಿರದ ಸರ್ವರ್‌ನಿಂದ ಬರುತ್ತಿದೆ, ಆ್ಯಪ್ ಅದನ್ನು ಹೇಗೆ ತರಿಸಿಕೊಳ್ಳುತ್ತದೆ ಎಂಬುದರ ಮೇಲೆ ಇದು ನಿಂತಿದೆ. ಮನೆಯ ಸಂಪರ್ಕದ ವೇಗವೊಂದೇ ಕಾರಣವಲ್ಲ.

ನೆಟ್‌ಫ್ಲಿಕ್ಸ್ ‘ಓಪನ್ ಕನೆಕ್ಟ್’ ಎಂಬ ತನ್ನ ಸರ್ವರ್‌ಗಳನ್ನು ಇಂಟರ್ನೆಟ್ ಕಂಪನಿಗಳ ಜಾಲದೊಳಗೇ ಇರಿಸುತ್ತದೆ; ಜನ ನೋಡಬಹುದಾದ ಚಿತ್ರಗಳನ್ನು ದಟ್ಟಣೆಯಿಲ್ಲದ ಹೊತ್ತಿನಲ್ಲಿ ಅವುಗಳಿಗೆ ತುಂಬಿಸಿಡುತ್ತದೆ. ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ನೋಡಲು ಕುಳಿತರೂ ಡೇಟಾ ದೂರದಿಂದ ಬರಬೇಕಿಲ್ಲ. ಅಷ್ಟು ಹಣ ಹಾಕಲಾಗದ ಸೇವೆಗಳು ಬಾಡಿಗೆ ಸರ್ವರ್‌ಗಳನ್ನು ನೆಚ್ಚಿಕೊಂಡಿರುತ್ತವೆ. ನಡುದಾರಿಯಲ್ಲಿ ದಟ್ಟಣೆಯಾದರೆ ವಿಡಿಯೊ ನಿಲ್ಲುತ್ತದೆ.

ಇನ್ನು ಚಿತ್ರದ ಸ್ಪಷ್ಟತೆ. ಪ್ರತಿ ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿಸಿ, ಒಂದೊಂದು ತುಣುಕನ್ನೂ 480ಪಿ, 720ಪಿ, 1080ಪಿ ಹೀಗೆ ಹಲವು ದರ್ಜೆಗಳಲ್ಲಿ ಇಟ್ಟಿರುತ್ತಾರೆ. ಮುಂದಿನ ತುಣುಕು ಯಾವ ದರ್ಜೆಯದಿರಬೇಕೆಂದು ಆ್ಯಪ್ ಆಗಿನ ವೇಗ ನೋಡಿ ತೀರ್ಮಾನಿಸುತ್ತದೆ. ಕೆಲವು ಆ್ಯಪ್‌ಗಳು ಚಿತ್ರ ಮಸುಕಾದರೂ ಸರಿ, ನಿಲ್ಲಬಾರದೆಂದು ಬೇಗ ಕೆಳಗಿಳಿಯುತ್ತವೆ. ಕೆಲವು ಮೇಲಿನ ದರ್ಜೆಗೇ ಅಂಟಿಕೊಂಡು ಸುತ್ತುವ ಚಕ್ರ ತೋರಿಸುತ್ತವೆ. ನನ್ನ ಮಟ್ಟಿಗೆ ಮೊದಲನೆಯದೇ ವಾಸಿ. ಎವಿ1ನಂತಹ ಹೊಸ ಕೋಡೆಕ್, ಅಂದರೆ ಕುಗ್ಗಿಸುವ ವಿಧಾನ, ಬಳಸಿದರೆ ಕಡಿಮೆ ಡೇಟಾದಲ್ಲೇ ಚಿತ್ರ ತಿಳಿಯಾಗಿರುತ್ತದೆ.

ಕ್ರಿಕೆಟ್ ನೇರಪ್ರಸಾರದಲ್ಲಿ ಮಾತ್ರ ಒಳ್ಳೆಯ ಆ್ಯಪ್‌ಗಳೂ ತಡವರಿಸುವುದುಂಟು: ಮೊದಲೇ ತರಿಸಿಟ್ಟುಕೊಳ್ಳಲು ಮುಂದಿನ ಚೆಂಡನ್ನು ಇನ್ನೂ ಎಸೆದೇ ಇರುವುದಿಲ್ಲ.