ಸ್ಕೈರಿಮ್ ಗೇಮ್‌ನಲ್ಲಿ ಸ್ಟಾರ್ಮ್‌ಕ್ಲೋಕ್, ಸಾಮ್ರಾಜ್ಯ: ಯಾರಿಗೆ ನಿಜವಾಗಿ ಬೇಕಿರುವುದೇನು?

ಸ್ಕೈರಿಮ್ ಪ್ರಾಂತ್ಯದ ಬಂಡುಕೋರರಾದ ಸ್ಟಾರ್ಮ್‌ಕ್ಲೋಕ್‌ಗಳಿಗೂ ಅದನ್ನಾಳುವ ಸಾಮ್ರಾಜ್ಯಕ್ಕೂ ನಡುವಿನ ಜಗಳದ ಬೇರು, ಗೇಮ್‌ನ ಕಾಲಗಣನೆಯ ನಾಲ್ಕನೇ ಯುಗದ 175ರ ವೈಟ್-ಗೋಲ್ಡ್ ಒಪ್ಪಂದದಲ್ಲಿದೆ. ಥಾಲ್ಮೋರ್ ಎಲ್ಫ್‌ಗಳ ಜೊತೆಗಿನ ಯುದ್ಧದಲ್ಲಿ ಬಳಲಿ ಬೆಂಡಾದ ಸಾಮ್ರಾಜ್ಯ, ಟೇಲೋಸ್ ದೇವರ ಪೂಜೆಯನ್ನೇ ನಿಷೇಧಿಸಲು ಒಪ್ಪಿತು. ಸಾಮ್ರಾಜ್ಯದ ಸೇನಾಪತಿ ಜನರಲ್ ಟುಲಿಯಸ್‌ಗೆ ದೇವರ ಗೊಡವೆ ಇಲ್ಲ, ಪ್ರಾಂತ್ಯ ಕೈತಪ್ಪಬಾರದು ಅಷ್ಟೇ.

ಸ್ಟಾರ್ಮ್‌ಕ್ಲೋಕ್ ನಾಯಕ ಉಲ್ಫ್ರಿಕ್‌ನದು ಕಲಬೆರಕೆ ಉದ್ದೇಶ. ಟೇಲೋಸ್ ಭಕ್ತಿ ಸುಳ್ಳಲ್ಲ, ಆದರೆ ಸ್ಕೈರಿಮ್‌ನ ರಾಜ ಟೋರಿಗ್‌ನನ್ನು ಕೊಂದ ಮೇಲೆ ಕಣ್ಣು ಸಿಂಹಾಸನದ ಮೇಲೂ ಇದೆ. ಮಂಗಳೂರು ಕಡೆಯವರು ಅವನನ್ನು ಉಳ್ಳಾಲದ ಅಬ್ಬಕ್ಕನಿಗೆ ಹೋಲಿಸಹೊರಟರೆ ಅಲ್ಲೇ ಎಡವುತ್ತಾರೆ: ಕಪ್ಪ ಕೇಳಿದ ಪೋರ್ಚುಗೀಸರ ಮೇಲೇ ಆಕೆ ನೇರವಾಗಿ ತಿರುಗಿಬಿದ್ದಳು. ಇವನು ಹೊಡೆಯುತ್ತಿರುವುದು ಥಾಲ್ಮೋರ್‌ಗೆ ಮಣಿದವರನ್ನು. ಅವನ ಆಳ್ವಿಕೆಯ ವಿಂಡ್‌ಹೆಲ್ಮ್ ನಗರದಲ್ಲಿ ಡಾರ್ಕ್ ಎಲ್ಫ್‌ಗಳು ಗ್ರೇ ಕ್ವಾರ್ಟರ್ ಎಂಬ ಕೊಳೆಗೇರಿಯಲ್ಲಿ, ಹಲ್ಲಿಮಾನವರಾದ ಆರ್ಗೋನಿಯನ್ನರು ಗೋಡೆಯಾಚೆ ಬಂದರಿನಲ್ಲಿ.

ಮೂರನೇ ಪಕ್ಷವಾದ ಥಾಲ್ಮೋರ್‌ ಅಸಲಿ ಆಟಗಾರ. 'ಡಿಪ್ಲೊಮ್ಯಾಟಿಕ್ ಇಮ್ಯೂನಿಟಿ' ಕ್ವೆಸ್ಟ್‌ನಲ್ಲಿ ಥಾಲ್ಮೋರ್ ರಾಯಭಾರ ಕಚೇರಿಗೆ ನುಗ್ಗಿದಾಗ ಉಲ್ಫ್ರಿಕ್ ಮೇಲಿನ ಕಡತ ಸಿಗುತ್ತದೆ, ಓದದೆ ಹೊರಬರಬೇಡಿ. ಯುದ್ಧ ಇತ್ಯರ್ಥವಾಗದೆ ಎಳೆಯುತ್ತಿರಬೇಕು, ಸ್ಟಾರ್ಮ್‌ಕ್ಲೋಕ್ ಗೆಲುವೂ ತಪ್ಪಬೇಕು ಎಂಬುದು ಅದರ ಸಾರ. ಕೆಲವರು ಇದನ್ನೋದಿ ಉಲ್ಫ್ರಿಕ್‌ನನ್ನು ಕೂಲಿ ಗೂಢಚಾರ ಎಂದುಬಿಡುತ್ತಾರೆ. ಕಡತವೇ ಅವನು ಸಹಕರಿಸುತ್ತಿಲ್ಲ ಎನ್ನುತ್ತದೆ.

ಸಾಮ್ರಾಜ್ಯಕ್ಕೆ ಬೇರೆ ದಾರಿಯೇ ಇರಲಿಲ್ಲ ಎಂಬ ವಾದವೂ ಪೂರ್ತಿ ನಿಲ್ಲದು. ಒಪ್ಪಂದ ತಿರಸ್ಕರಿಸಿದ ಹ್ಯಾಮರ್‌ಫೆಲ್ ಪ್ರಾಂತ್ಯ ಒಂಟಿಯಾಗಿಯೇ ಹೋರಾಡಿ 180ರಲ್ಲಿ ಎಲ್ಫ್ ಸೇನೆಯನ್ನು ಹೊರಹಾಕಿತು.

ಆಡುವಾಗ ಪಕ್ಷ ಆರಿಸಿದ ಮೇಲೆ ಮನಸ್ಸು ಬದಲಿಸುವುದಿದ್ದರೆ, ಕಿರೀಟ ಹುಡುಕಿ ತರುವ 'ಜ್ಯಾಗ್ಡ್ ಕ್ರೌನ್' ಕ್ವೆಸ್ಟ್‌ನ ಹಂತದಲ್ಲೇ ಅದನ್ನು ಎದುರಾಳಿಗೆ ಒಪ್ಪಿಸಿ. ಆಮೇಲೆ ಪಕ್ಷಾಂತರಕ್ಕೆ ಅವಕಾಶವಿಲ್ಲ.